ಖಾನಾಪುರದ ಬಾಗಿಲೂ ನನ್ನ ಹಣೆಯ ಕಲೆಯೂ

ತಮಗಾದ ಅವಮಾನವನ್ನು ಮರೆಯುವವರನ್ನು ಲೋಕ ದೊಡ್ಡ ಮನಸ್ಸಿನವರೆಂದು ಹೊಗಳುತ್ತದೆ. ನನ್ನ ಅಭಿಪ್ರಾಯದಲ್ಲಿ ಅವರು ಅಜಾಗರೂಕರು, ಅಷ್ಟೆ. ಬಸ್ಸಿನಲ್ಲಿ ಕೊಡೆ ಮರೆತು ಇಳಿಯುವವನಿಗೂ, ಬೀಗರ ಮನೆಯಲ್ಲಿ ತನಗೆ ಹಳಸಿದ ಚಹಾ ಕೊಟ್ಟದ್ದನ್ನು ಮರೆಯುವವನಿಗೂ ಸ್ವಭಾವದಲ್ಲಿ ಏನು ಅಂತರವಿದೆಯೋ ನಾನರಿಯೆ. ನಾನು ಇದುವರೆಗೆ ಕೊಡೆಯನ್ನೂ ಮರೆತಿಲ್ಲ, ಚಹಾವನ್ನೂ ಮರೆತಿಲ್ಲ. ನನ್ನ ಮದುವೆಯ ಊಟದಲ್ಲಿ ನಮ್ಮ ದೊಡ್ಡಪ್ಪನವರ ಹುಗ್ಗಿಯ ಮೇಲೆ ತುಪ್ಪ ಬಡಿಸದೆ ಮುಂದಕ್ಕೆ ಹೋದವನ ಮುಖ ನನಗೆ ಇಂದಿಗೂ ಸ್ಪಷ್ಟವಾಗಿ ನೆನಪಿದೆ. ಆತ ಈಗ ಮೊಮ್ಮಕ್ಕಳನ್ನು ಕಂಡಿದ್ದಾನೆ. ದಾರಿಯಲ್ಲಿ ಎದುರಾದರೆ ಕೈ ಮುಗಿಯುತ್ತಾನೆ. ನಾನು ಪ್ರತಿನಮಸ್ಕಾರ ಮಾಡುತ್ತೇನೆ, ಆದರೆ ಸ್ವಲ್ಪ ತಡೆದು ಮಾಡುತ್ತೇನೆ. ಕಾರಣ ಅವನಿಗೆ ತಿಳಿದಿಲ್ಲದಿರಬಹುದು. ನನಗೆ ತಿಳಿದಿದೆ, ಅಷ್ಟು ಸಾಕು. ಇಂಥ ನಾನು, ಎಂಬತ್ತರ ದಶಕದ ಆರಂಭದಲ್ಲಿ, ನನ್ನ ಹಣೆಯ ಮೇಲೆ ಆದ ಒಂದು ಗಾಯದ ಕಲೆಯನ್ನು ಉಳಿಸಿಕೊಳ್ಳಲು ಪಟ್ಟ ಪಾಡನ್ನು ಓದುಗರ ಮುಂದಿಡುತ್ತಿದ್ದೇನೆ. ಕಲೆಯನ್ನು ಹೋಗಲಾಡಿಸಲು ಪಾಡು ಪಟ್ಟವರು ಊರ ತುಂಬ ಇದ್ದಾರೆ. ಉಳಿಸಿಕೊಳ್ಳಲು ಪಟ್ಟವನು ಬೆಳಗಾವಿಯ ಖಾಸಬಾಗದಲ್ಲಿ ನಾನೊಬ್ಬನೇ ಇದ್ದೆನೆಂದು ತೋರುತ್ತದೆ.

ನಾನು ಆಗ ಬೆಳಗಾವಿಯ ಒಂದು ಸರಕಾರಿ ಕಚೇರಿಯಲ್ಲಿ ಕಟ್ಟಡಗಳ ನಕಾಶೆ ಬರೆಯುವ ಕೆಲಸದಲ್ಲಿದ್ದೆ. ಬಾಗಿಲು ಎಷ್ಟು ಎತ್ತರವಿರಬೇಕು, ಕಿಟಕಿ ಯಾವ ದಿಕ್ಕಿಗೆ ತೆರೆಯಬೇಕು ಎಂಬುದು ನನ್ನ ಅನ್ನದ ವಿಷಯ. ನನ್ನ ಪತ್ನಿ ನೀಲವ್ವನ ತಮ್ಮ ಗುರುಪಾದಪ್ಪ ಖಾನಾಪುರದಲ್ಲಿ ಹಂಚು ಇಟ್ಟಿಗೆಗಳ ವ್ಯಾಪಾರ ಮಾಡಿಕೊಂಡಿದ್ದ. ಆತ ಹೊಸ ಮನೆ ಕಟ್ಟಿಸಲು ಹೊರಟಾಗ ನಾನಾಗಿಯೇ ಒಂದು ನಕಾಶೆಯನ್ನು ಬರೆದು ಕಳುಹಿಸಿದೆ. ಹಾಳೆಯ ಮೇಲಲ್ಲ, ನಕಾಶೆಗೆಂದೇ ಗಂಜಿ ಹಾಕಿ ತಯಾರಿಸುವ ನಯವಾದ ಬಟ್ಟೆಯ ಮೇಲೆ. "ಭಾಳ ಛಲೋ ಐತ್ರಿ ಮಾವಾರ," ಎಂದು ಆತ ಹೇಳಿ ಕಳಿಸಿದ. ಆ ಮೆಚ್ಚುಗೆಯ ಅರ್ಥ ನನಗೆ ತಿಳಿದದ್ದು ಕೆಲವು ತಿಂಗಳ ಮೇಲೆ, ಆತನ ಕೂಸನ್ನು ಎತ್ತಿಕೊಂಡಾಗ. ಬಟ್ಟೆಯ ಗಂಜಿಯನ್ನು ತೊಳೆದು ತೆಗೆದು, ಮೃದುವಾದ ಆ ಅರಿವೆಯಲ್ಲಿ ಕೂಸಿಗೆ ಕುಲಾವಿ ಹೊಲಿಸಿದ್ದರು. ನಾನು ಅಷ್ಟು ಯೋಚಿಸಿ ಬರೆದ ಅಡುಗೆಮನೆಯ ಕಿಟಕಿ ಮಾಸಿದ ಗೆರೆಗಳಾಗಿ ಕೂಸಿನ ಎಡಗಿವಿಯ ಮೇಲೆ ಕಾಣುತ್ತಿತ್ತು. ಕೂಸು ನನ್ನನ್ನು ನೋಡಿ ನಕ್ಕಿತು. ನಾನು ನಗಲಿಲ್ಲ.

ಮನೆಯನ್ನು ಗುರುಪಾದಪ್ಪ ತನ್ನ ಮನಸ್ಸಿಗೆ ಬಂದಂತೆ ಕಟ್ಟಿಸಿದ. ಕೆಡವಿದ ಹಳೆಯ ಮನೆಯಿಂದ ಸಾಗವಾನಿಯ ಒಂದು ಬಾಗಿಲ ಚೌಕಟ್ಟನ್ನು ತೆಗೆದಿಟ್ಟುಕೊಂಡು, ಅದನ್ನೇ ಪಡಸಾಲೆಯಿಂದ ಊಟದ ಕೋಣೆಗೆ ಹೋಗುವಲ್ಲಿ ನಿಲ್ಲಿಸಿದ್ದ. ಅವನ ಮುತ್ತಜ್ಜನ ಕಾಲದ ಚೌಕಟ್ಟು ಅದು. ಆ ಕಾಲದ ಜನ ಗಿಡ್ಡರಾಗಿದ್ದರೋ ವಿನಯವಂತರಾಗಿದ್ದರೋ ತಿಳಿಯದು. ನನ್ನಂಥವನು ನೆಟ್ಟಗೆ ದಾಟುವ ಬಾಗಿಲಂತೂ ಅದಾಗಿರಲಿಲ್ಲ. ಗೃಹಪ್ರವೇಶದ ದಿನ ಊಟಕ್ಕೆ ಕರೆ ಬಂತು. "ಮಾವಾರ, ಬರ್ರಿ, ಮೊದಲನೇ ಪಂಕ್ತಿ ನಿಮ್ದ," ಎಂದು ಗುರುಪಾದಪ್ಪ ಎಲ್ಲರ ಎದುರಿಗೆ ಕೂಗಿದ. ಮೊದಲ ಪಂಕ್ತಿಗೆ ಕರೆಸಿಕೊಂಡ ಮನುಷ್ಯ ನೆಲ ನೋಡುತ್ತ ನಡೆಯುವುದಿಲ್ಲ. ನಾನು ಎದೆಯೆತ್ತಿ, ತಲೆಯೆತ್ತಿ, ಅಕ್ಕಪಕ್ಕದವರಿಗೆ ಮಂದಹಾಸ ಬೀರುತ್ತ ನಡೆದೆ. ಧಡ್ ಎಂದು ಸದ್ದಾಯಿತು. ಆಮೇಲೆ ಕೆಲಹೊತ್ತು ನನಗೆ ಕಂಡದ್ದು ನನ್ನದೇ ರಕ್ತ ಮಾತ್ರ.

ಹೆಂಗಸರು ಕಿರುಚಿದರು. ಗುರುಪಾದಪ್ಪ ಓಡಿಬಂದ. ಆ ಕ್ಷಣದಲ್ಲಿ ಅವನ ಬಾಯಿಂದ ಬಂದ ಮಾತನ್ನು ಇಲ್ಲಿ ಅಕ್ಷರಶಃ ಕೊಡುತ್ತೇನೆ: "ಬಗ್ಗಿ ಬರೂದಲ್ರೀ ಮಾವಾರ!"

"ಬಾಗಲಾ ಗಿಡ್ಡ ಇಟ್ಟು ನನಗ ಬಗ್ಗಂತೀಯೇನು?" ಎಂದೆ ನಾನು, ಹಣೆಯನ್ನು ಒತ್ತಿ ಹಿಡಿದುಕೊಂಡೇ.

"ಎಲ್ಲಾರೂ ಬಗ್ಗೇ ಬಂದ್ರಲ್ರಿ. ಇರ್ಲಿ, ಏನಾಗಿಲ್ಲ, ಸಣ್ಣ ತರಚ. ನಾಕ ದಿನಕ್ಕ ಗುರ್ತ ಸುದ್ದಾ ಉಳಿಯಂಗಿಲ್ಲ ನೋಡ್ರಿ."

ಗುರುತು ಸಹ ಉಳಿಯುವುದಿಲ್ಲವಂತೆ! ಊರಿನ ದವಾಖಾನೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಬರುವಷ್ಟರಲ್ಲಿ ಮೊದಲ ಪಂಕ್ತಿ ಎದ್ದಿತ್ತು, ಎರಡನೆಯದೂ ಎದ್ದಿತ್ತು. ಅಡುಗೆಯವರ ಜೊತೆ ಕುಳಿತು ತಣ್ಣಗಾದ ಹೋಳಿಗೆ ತಿಂದೆ. ಅಲ್ಲಿಯೇ ನಿರ್ಧಾರ ಮಾಡಿದೆ. ಈ ಗುರುತು ಉಳಿಯಬೇಕು. ಬಾಗಿಲು ಗಿಡ್ಡವಾಗಿದೆ, ತಪ್ಪು ತನ್ನದು ಎಂದು ಗುರುಪಾದಪ್ಪ ತನ್ನ ಬಾಯಿಂದ ಹೇಳುವ ದಿನದವರೆಗೆ ಅದು ನನ್ನ ಹಣೆಯ ಮೇಲೆ ಸಾಕ್ಷಿಯಾಗಿ ನಿಲ್ಲಬೇಕು. ಅಲ್ಲಿಯವರೆಗೆ ಖಾನಾಪುರದ ಹೊಸ್ತಿಲು ತುಳಿಯಕೂಡದು. ಹಿಂದಿರುಗುವ ಬಸ್ಸಿನಲ್ಲಿ ಕಂಡಕ್ಟರನು ನನ್ನ ಬ್ಯಾಂಡೇಜನ್ನೂ, ರಕ್ತ ಹತ್ತಿದ ಅಂಗಿಯನ್ನೂ ನೋಡಿ, "ಬೆಳಗಾವ್ಯಾಗ ಇಳೀತೀರೋ, ಇಲ್ಲಾ ಸೀದಾ ಹಿಂಡಲಗಾ ಜೇಲಿಗೇ ಟಿಕೀಟ ಹರೀಲ್ಯೋ?" ಎಂದು ಕೇಳಿದ. ಬಸ್ಸಿಡೀ ನಕ್ಕಿತು. ಆ ಕಂಡಕ್ಟರನನ್ನೂ ನಾನು ಮರೆತಿಲ್ಲ.

ಹೊಲಿಗೆ ಬಿಚ್ಚಿದವರು ಖಾಸಬಾಗದ ನಮ್ಮ ಡಾಕ್ಟರರು. ಅವರು ಹಣೆಯನ್ನು ಬೆಳಕಿಗೆ ತಿರುಗಿಸಿ ನೋಡಿ, ನೀಲವ್ವನ ಕಡೆಗೆ ತಿರುಗಿ ಹೇಳತೊಡಗಿದರು. ನನ್ನ ಕಡೆಗೆ ತಿರುಗಿ ಹೇಳಿ ಪ್ರಯೋಜನವಿಲ್ಲವೆಂದು ಅವರಿಗೆ ಹೇಗೋ ತಿಳಿದಿತ್ತು. "ಗಾಯ ಛಲೋ ಕೂಡೇತಿ. ಇನ್ನ ಕಲಿ ಉಳೀಬಾರ್ದು ಅಂದ್ರ ಗಾಯದ ಮ್ಯಾಲಿನ ಹಕ್ಕಳಿ ಕೀಳಾಕ ಬಿಡಬ್ಯಾಡ್ರಿ. ಬಿಸಲಾಗ ಹಣಿ ತೋರಸಬ್ಯಾಡ್ರಿ, ಕಪ್ಪ ಬೀಳ್ತದ. ಗಾಯ ಪೂರಾ ಮಾದಮ್ಯಾಲ ದಿನಾ ಬೆರಳಲೆ ತಿಕ್ಕಬೇಕು, ಸ್ವಲ್ಪ ಕೊಬ್ರಿ ಎಣ್ಣಿ ಹಚ್ಚಿ. ಭಾಳ ಜೋರ ಬ್ಯಾಡ, ಭಾಳ ಹಗೂರನೂ ಬ್ಯಾಡ. ಮತ್ತ ಯಜಮಾನ್ರಿಗೆ ಹಣಿ ಗಂಟ ಹಾಕ್ಕೊಂಡ ಕೂಡಬ್ಯಾಡಂತ ಹೇಳ್ರಿ. ಚರ್ಮ ಜಗ್ಗಿದ್ರ ಕಲಿ ಅಗಲಾಗ್ತದ."

"ಸಿಟ್ಟ ಮಾಡ್ಕೋಬಾರದು ಅಂದಂಗಾತು," ಎಂದಳು ನೀಲವ್ವ ನಿಟ್ಟುಸಿರಿಟ್ಟು. "ಹಂಗಾದ್ರ ಈ ಕಲಿ ಹೋಗೂದಿಲ್ಲ ಬಿಡ್ರಿ ಡಾಕ್ಟರ್."

"ಒಂದ ವೇಳೆ ಕಲೆ ಉಳೀಬೇಕಂದ್ರ ಏನ್ ಮಾಡಬೇಕ್ರಿ?" ಎಂದು ನಾನು ಗಂಭೀರವಾಗಿ ಕೇಳಿದೆ.

ಡಾಕ್ಟರರು ನಕ್ಕರು. "ನಾ ಹೇಳಿದ್ದರ ಉಲ್ಟಾ ಮಾಡ್ರಿ. ಆದ್ರ ಹೊಲಸ ಮಾತ್ರ ಮಾಡಬ್ಯಾಡ್ರಿ, ಕೀವಾದ್ರ ಮತ್ತ ನನ್ನ ಕಡೆನ ಬರ್ತೀರಿ." ಅವರು ಅದನ್ನು ಹಾಸ್ಯವೆಂದು ಹೇಳಿದ್ದರು. ನಾನು ಅದನ್ನು ಚಿಕಿತ್ಸೆಯೆಂದು ಸ್ವೀಕರಿಸಿದೆ.

ಹೀಗೆ ನಮ್ಮ ಮನೆಯಲ್ಲಿ ಒಂದೇ ಹಣೆಗೆ ಎರಡು ಬಗೆಯ ಆರೈಕೆ ನಡೆಯತೊಡಗಿತು. ನೀಲವ್ವ ಕಲೆಯನ್ನು ಅಳಿಸಲು, ನಾನು ಉಳಿಸಲು. ಆಕೆ ಕೊಬ್ಬರಿ ಎಣ್ಣೆ ಹಚ್ಚಿ ಒಳಗೆ ಹೋದೊಡನೆ ನಾನು ಪಂಚೆಯ ಚುಂಗಿನಿಂದ ಒರೆಸುತ್ತಿದ್ದೆ. ಆಕೆ ಬಿಸಿಲಿಗೆ ಕೊಡೆ ಕೊಟ್ಟರೆ ನಾನು ಅದನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಹಣೆಯನ್ನು ಸೂರ್ಯನಿಗೆ ಒಡ್ಡಿ ನಡೆಯುತ್ತಿದ್ದೆ. ಆದರೆ ಗಾಯ ಮಾಯುವಷ್ಟರಲ್ಲಿ ಬೆಳಗಾವಿಯ ಮಳೆಗಾಲ ಹಿಡಿದಿತ್ತು. ಆ ದಿನಗಳಲ್ಲಿ ನಮ್ಮೂರಲ್ಲಿ ಸೂರ್ಯ ಮುಖ ತೋರಿಸುವುದು ಅಪರೂಪ. ಮೋಡದ ಸಂದಿನಿಂದ ಎಲ್ಲಿಯಾದರೂ ಒಂದಿಷ್ಟು ಬಿಸಿಲು ಬಿದ್ದರೆ ನಾನು ಕಚೇರಿಯ ಕೆಲಸ ಬಿಟ್ಟು ಓಡಿಹೋಗಿ ಅದರಡಿ ನಿಲ್ಲುತ್ತಿದ್ದೆ; ಬಿಸಿಲು ಸರಿದರೆ ಅದರ ಜೊತೆ ನಾನೂ ಸರಿಯುತ್ತಿದ್ದೆ. ಸಹೋದ್ಯೋಗಿಗಳು ನನಗೆ ಶೀತದ ಪ್ರಕೃತಿಯೆಂದು ಮರುಗಿ ಶುಂಠಿಯ ಕಷಾಯ ತಂದುಕೊಟ್ಟರು. ಇನ್ನು ಹಣೆ ಗಂಟಿಕ್ಕುವ ವಿಷಯದಲ್ಲಿ ನನಗೆ ಯಾವ ವಿಶೇಷ ಪ್ರಯತ್ನವೂ ಬೇಕಾಗಲಿಲ್ಲ. ಗುರುಪಾದಪ್ಪನನ್ನು ನೆನೆದರೆ ಸಾಕಿತ್ತು.

ಪಕ್ಕದ ಮನೆಯ ತಾರಾಬಾಯಿ ನೀಲವ್ವನ ಪಕ್ಷ ಸೇರಿದಳು. ಮರಾಠಿ ಮಾತನಾಡುವ ಮನೆಯವಳು. ಖರೇ ಹೇಳಬೇಕೆಂದರೆ ಒಳ್ಳೆಯ ಹೆಂಗಸು, ಆದರೆ ಅವಳ ಬಳಿ ಔಷಧಗಳಿಗೆ ಕೊನೆಯಿರಲಿಲ್ಲ. ಒಂದು ದಿನ ಅರಿಸಿನ ಹಾಲಿನ ಕೆನೆ. ಆ ದಿನ ಕಚೇರಿಯಲ್ಲಿ ನನ್ನನ್ನು ಕಂಡವರೆಲ್ಲ ಕಾಮಾಲೆಯ ಪಥ್ಯ ಹೇಳಿದರು. ಇನ್ನೊಂದು ದಿನ ಜೇನುತುಪ್ಪ. ಮಧ್ಯಾಹ್ನ ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿದವನನ್ನು ಇರುವೆಗಳು ಎಬ್ಬಿಸಿದವು. "ಅಹೋ ಅಣ್ಣಾರ, ಉಳ್ಳಾಗಡ್ಡಿ ರಸ ಹಚ್ಚೂಣು, ನಮ್ಮ ಆಯೀ ಹಚ್ಚತಿದ್ಲು," ಎಂದು ಮೂರನೆಯ ಸಲ ಬಂದಾಗ ನಾನು ಬಾಗಿಲು ಹಾಕಿಕೊಂಡೆ. ವಿಚಿತ್ರವೆಂದರೆ, ಇದೇ ತಾರಾಬಾಯಿಯ ಕಿವಿಯ ಹಾಲೆಯಲ್ಲಿ, ಕಿವಿ ಚುಚ್ಚಿಸಿದ ಸಣ್ಣ ತೂತಿನ ಜಾಗದಲ್ಲಿ, ಕಡಲೆಯಷ್ಟು ದೊಡ್ಡ ಗಂಟಿನ ಕಲೆ ಬೆಳೆದಿತ್ತು. ಕೆಲವರ ಚರ್ಮವೇ ಹಾಗೆ, ಕಿವಿ, ಭುಜ, ಎದೆಗಳ ಮೇಲೆ ಕಲೆ ಮೂಲ ಗಾಯಕ್ಕಿಂತ ದೊಡ್ಡದಾಗಿ ಬೆಳೆಯುತ್ತದೆ, ಕತ್ತರಿಸಿದರೆ ಮತ್ತೂ ಬೆಳೆಯುತ್ತದೆ ಎಂದು ಡಾಕ್ಟರರು ಹೇಳಿದ್ದರು. ನಾನು ಆ ಕಿವಿಯನ್ನು ನೋಡಿ ಹೊಟ್ಟೆಕಿಚ್ಚುಪಟ್ಟಿದ್ದೇನೆ. ಜಗತ್ತಿನಲ್ಲಿ ಯಾರ ಮೇಲೂ ದೂರಿಲ್ಲದ ಹೆಂಗಸಿಗೆ ಅಂಥ ಭವ್ಯವಾದ ಕಲೆ. ನ್ಯಾಯಕ್ಕಾಗಿ ಹೋರಾಡುವವನಿಗೆ ಒಂದು ಗೆರೆ!

ರವಿವಾರ ಬೆಳಿಗ್ಗೆ ಸ್ನಾನವಾದ ಕೂಡಲೇ ನಮ್ಮ ಪಡಸಾಲೆಯಲ್ಲಿ ಕಲೆಯ ಪರೀಕ್ಷೆ ನಡೆಯುತ್ತಿತ್ತು. ಬಣ್ಣ ಹೇಗಿದೆ, ಉಬ್ಬಿದೆಯೋ ಸಮವಾಗಿದೆಯೋ, ಗಟ್ಟಿಯೋ ಮೆತ್ತಗೋ, ತುರಿಸುತ್ತದೆಯೋ ಎಂದು ಡಾಕ್ಟರರು ಹೇಳಿಕೊಟ್ಟಿದ್ದ ಕ್ರಮದಲ್ಲಿಯೇ ನೋಡುವುದು. ನಾನು ಕನ್ನಡಿ ಹಿಡಿದು, ಕಚೇರಿಯ ಕಂಪಾಸನ್ನು ಹಣೆಗೆ ತಾಗಿಸಿ, ಹಿಂದಿನ ವಾರಕ್ಕಿಂತ ಗೆರೆ ಆಳವಾಗಿದೆಯೆಂದು ಘೋಷಿಸುತ್ತಿದ್ದೆ. "ಎಲ್ಲೀ ಗೆರಿ? ನನಗೇನ ಕಾಣವಲ್ದು," ಎನ್ನುತ್ತಿದ್ದಳು ನೀಲವ್ವ. ತವರಿನ ಪಕ್ಷಪಾತ ಎಂದು ನಾನು ತಳ್ಳಿಹಾಕುತ್ತಿದ್ದೆ. ಇಬ್ಬರಿಗೂ ಒಪ್ಪಿಗೆಯಾಗದಿದ್ದಾಗ ತಾರಾಬಾಯಿಯನ್ನು ಪಂಚರಾಗಿ ಕರೆಯಲಾಗುತ್ತಿತ್ತು. ಒಮ್ಮೆ ಆಕೆ ಹಸಿಮೆಣಸಿನಕಾಯಿ ಹೆಚ್ಚುವುದನ್ನು ಅರ್ಧಕ್ಕೆ ಬಿಟ್ಟು ಬಂದು, ಹೆಬ್ಬೆಟ್ಟಿನಿಂದ ನನ್ನ ಹಣೆಯನ್ನೂ ಹುಬ್ಬನ್ನೂ ಚೆನ್ನಾಗಿ ಒತ್ತಿ, "ಮೆತ್ತಗ ಐತ್ರಿ," ಎಂದು ತೀರ್ಪು ಕೊಟ್ಟು ಹೋದಳು. ಆ ದಿನವೆಲ್ಲ ನನ್ನ ಕಣ್ಣಿನಿಂದ ನೀರು ಸುರಿಯಿತು. ನೀಲವ್ವ ಅದನ್ನು ಪಶ್ಚಾತ್ತಾಪವೆಂದು ತಿಳಿದು ಸಂತೋಷಪಟ್ಟಳು.

ಇಷ್ಟೆಲ್ಲ ಸಾಕ್ಷಿಯನ್ನು ಕಾಪಾಡಿದರೂ ಅದನ್ನು ಲೋಕ ನೋಡಲಿಲ್ಲ. ಅದಕ್ಕೆ ಕಾರಣ ನಾನೇ. ನಮ್ಮದು ಬಸವಣ್ಣನವರ ಪರಂಪರೆಯ ಮನೆ. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಮೂರು ಬೆರಳಿನಿಂದ ಹಣೆಯ ತುಂಬ ವಿಭೂತಿ. ಸಂಜೆ ಮತ್ತೆ ಅದೇ. ಹಣೆಗೆ ಬ್ಯಾಂಡೇಜ್ ಕಟ್ಟಿಕೊಂಡು ರಜೆಯಲ್ಲಿದ್ದ ದಿನಗಳಲ್ಲಿ ನಾನು ಬ್ಯಾಂಡೇಜಿನ ಮೇಲೆಯೇ ವಿಭೂತಿ ಧರಿಸಿದವನು. ಗುರುಪಾದಪ್ಪನ ಬಾಗಿಲು ಸರಿಯಾಗಿ ಆ ಸ್ಥಳವನ್ನೇ ಆರಿಸಿಕೊಂಡಿತ್ತು. ವಿಭೂತಿಯಿಲ್ಲದೆ ಹೊರಗೆ ಹೋಗುವುದು ನನ್ನಿಂದ ಸಾಧ್ಯವಿಲ್ಲ; ವಿಭೂತಿ ಧರಿಸಿದರೆ ಕಲೆ ಕಾಣುವುದಿಲ್ಲ. ಕಚೇರಿಯಲ್ಲಿ ಒಬ್ಬರೂ "ಹಣಿಗೆ ಏನಾಗೇತ್ರಿ?" ಎಂದು ಕೇಳಲಿಲ್ಲ. ಕೇಳಿದ್ದರೆ ಕುಲಾವಿಯಿಂದ ಆರಂಭಿಸಿ ತಣ್ಣನೆಯ ಹೋಳಿಗೆಯವರೆಗೆ ಹೇಳಲು ಸಿದ್ಧನಾಗಿ ಕುಳಿತಿದ್ದೆ.

ವರ್ಷ ತುಂಬುತ್ತ ಬಂದಿತು. ಮಗನ ಜವಳದ ಕಾರ್ಯಕ್ಕೆ ಕರೆಯಲು ಗುರುಪಾದಪ್ಪ ತಾನೇ ಬರುತ್ತಾನೆಂದು ಸುದ್ದಿ ಬಂತು. ಇನ್ನೇನು ಬೇಕು? ಆತ ಬರುವ ದಿನ ಬೆಳಿಗ್ಗೆಯೇ ನಾನು ಡಾಕ್ಟರರ ಬಳಿ ಹೋದೆ. ಕಲೆ ಶಾಶ್ವತವಾದದ್ದೆಂದು ಅವರ ಬಾಯಿಂದ ಕೇಳಿಕೊಂಡು ಹೋದರೆ ನನ್ನ ಮಾತಿಗೆ ಬಲ ಬರುತ್ತದೆಂಬ ಯೋಚನೆ. ಅವರು ಹತ್ತಿಗೆ ಸ್ಪಿರಿಟ್ ಹಾಕಿ ವಿಭೂತಿಯನ್ನು ಒರೆಸಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಆಮೇಲೆ ನನ್ನನ್ನು ಕೇಳಿದ ಪ್ರಶ್ನೆ ಇದು: "ಎಡಕ್ಕ ಆಗಿತ್ತೋ, ಬಲಕ್ಕೋ?"

"ನಡುವ ಐತಲ್ರೀ!" ಎಂದು ನಾನು ಕೆರಳಿ, ಕನ್ನಡಿಯಲ್ಲಿ ಬೆರಳಿಟ್ಟು ತೋರಿಸಿದೆ.

"ಅದು ಕಲಿ ಅಲ್ರಿ ಯಜಮಾನ್ರ, ನೆರಿಗಿ. ಸಿಟ್ಟ ಬಿಡ್ರಿ, ಹೋಗ್ತದ."

ನಾನು ಪ್ರಯತ್ನಪೂರ್ವಕವಾಗಿ ಸಿಟ್ಟು ಬಿಟ್ಟೆ. ಗೆರೆ ಹೋಯಿತು. ಗುರುಪಾದಪ್ಪನನ್ನು ನೆನೆದೆ. ಗೆರೆ ಬಂತು. ವರ್ಷವಿಡೀ ರವಿವಾರದ ಕನ್ನಡಿಯ ಮುಂದೆ ನಾನು ಕಂಪಾಸು ಹಿಡಿದು ಅಳೆದದ್ದು ನನ್ನ ಸಿಟ್ಟನ್ನು. ಕಲೆಯೆಂಬುದು, ಡಾಕ್ಟರರು ಟಾರ್ಚು ಹಾಕಿ ಹುಡುಕಿದ ಮೇಲೆ, ಕೂದಲೆಳೆಯಂತೆ ಒಂದು ಕಡೆ ಇದ್ದರೂ ಇತ್ತು, ಇಲ್ಲದಿದ್ದರೂ ಇರಲಿಲ್ಲ. "ಇಷ್ಟ ಚೊಕ್ಕ ಮಾದದ್ದ ನಾ ಭಾಳ ಮಂದ್ಯಾಗ ನೋಡಿಲ್ಲ. ಏನ್ ಮಾಡಿದ್ರಿ?" ಎಂದು ಅವರು ಮೆಚ್ಚಿ ಕೇಳಿದರು. ಏನೂ ಮಾಡಿಲ್ಲ, ಎಲ್ಲವನ್ನೂ ಉಲ್ಟಾ ಮಾಡಿದ್ದೇನೆ ಎಂದೆ. ಅವರು ಯೋಚಿಸಿ, ಬೆರಳಿಗೆ ಹತ್ತಿದ ವಿಭೂತಿಯನ್ನು ನೋಡಿದರು. "ದಿನಾ ಎರಡೂ ಹೊತ್ತ ಮೂರ ಬೆರಳಲೆ ತಿಕ್ಕೀರಿ. ಹಚ್ಚಿದ್ದ ವಿಭೂತಿ ಬಿಸಲಿಗೆ ಅಡ್ಡ ನಿಂತೈತಿ. ನಾ ಹೇಳಿದ್ದನ್ನ ನೀವು ನನಗಿಂತ ನೇಮದ್ಲೆ ಮಾಡೀರಿ!" ನನ್ನ ಭಕ್ತಿಯೇ ನನಗೆ ಎರಡು ಬಗೆದಿತ್ತು. ಈ ವಿಷಯದಲ್ಲಿ ಶಿವನ ಮೇಲೆ ಮುನಿಸಿಕೊಳ್ಳುವುದು ಸರಿಯಲ್ಲವೆಂದು ಸುಮ್ಮನಿದ್ದೇನೆ, ಆದರೆ ನೆನಪಿಟ್ಟಿದ್ದೇನೆ.

ಮನೆಗೆ ಬಂದರೆ ಗುರುಪಾದಪ್ಪ ಆಗಲೇ ಕುಳಿತು ಅವಲಕ್ಕಿ ತಿನ್ನುತ್ತಿದ್ದ. "ಮಾವಾರ, ಹಣಿ ಯಾಕ ಬರೀ ಐತ್ರಿ?" ಎಂದು ಗಾಬರಿಯಿಂದ ಎದ್ದುನಿಂತ. ಸಾಕ್ಷಿಯಿಲ್ಲದಿದ್ದರೂ ಮೊಕದ್ದಮೆ ನಡೆಸಲೇಬೇಕಾಯಿತು. "ಗುರುಪಾದಾ, ನಿನ್ನ ಬಾಗಲಾ ಗಿಡ್ಡ ಐತಿ. ನನ್ನ ಹಣಿ ಒಡದೈತಿ. ತಪ್ಪಾತು ಅಂತ ಒಂದ ಮಾತ ಹೇಳು, ಜವಳಕ್ಕ ಬರ್ತೀನಿ," ಎಂದೆ.

ಆತ ಹತ್ತಿರ ಬಂದು ನನ್ನ ಹಣೆಯನ್ನು ಮನೆ ಕೊಳ್ಳುವವನಂತೆ ಪರೀಕ್ಷಿಸಿದ. "ಎಲ್ಲಿ ಒಡದೈತ್ರಿ? ಅಕ್ಕಾ, ನಿನಗ ಏನರ ಕಾಣಸ್ತೈತೇನ?"

"ಏನೂ ಇಲ್ಲಪಾ. ವರ್ಷಾ ಪೂರಾ ತಿಕ್ಕೇನಿ," ಎಂದಳು ನೀಲವ್ವ, ಮರೆಮಾಚದ ಹೆಮ್ಮೆಯಿಂದ.

ಗುರುಪಾದಪ್ಪನ ದನಿ ಸಣ್ಣಗಾಯಿತು. "ನಿಮ್ಮ ಹಣಿ ಮಾದೈತ್ರಿ ಮಾವಾರ. ನಮ್ಮ ಚೌಕಟ್ಟ ಮಾದಿಲ್ರಿ."

"ಚೌಕಟ್ಟಿಗೇನಾಗೇತಿ?"

ಆತ ಅಕ್ಕನ ಮುಖ ನೋಡಿದ. ಅಕ್ಕ ಚಹಾ ಉಕ್ಕುತ್ತಿದೆಯೆಂದು ಒಳಗೆ ಹೋದಳು. ಚಹಾ ಇನ್ನೂ ಒಲೆಯ ಮೇಲೆ ಏರಿರಲಿಲ್ಲ. "ಬಂದ ನೋಡ್ರಿ," ಎಂದಷ್ಟೇ ಹೇಳಿ ಆತ ಹೋದ.

ಕುತೂಹಲವನ್ನು ತಡೆಯುವ ಶಕ್ತಿ ನನ್ನ ಸ್ವಾಭಿಮಾನಕ್ಕಿರಲಿಲ್ಲ. ಜವಳದ ದಿನ ಖಾನಾಪುರಕ್ಕೆ ಹೋದೆ. ಆ ಬಾಗಿಲಿನ ಮುಂದೆ ನಿಂತೆ. ಮೇಲಿನ ಅಡ್ಡಪಟ್ಟಿಗೆ ಮಾವಿನ ತೋರಣ ಕಟ್ಟಿದ್ದರು. ಗುರುಪಾದಪ್ಪ ಅದನ್ನು ಪಕ್ಕಕ್ಕೆ ಸರಿಸಿದ. ಕಪ್ಪಗೆ ಮಿರುಗುವ ಹಳೆಯ ಸಾಗವಾನಿಯಲ್ಲಿ ಸಾಲಾಗಿ ಕೊರೆದ ಕಮಲಗಳು, ಎಂಥ ಕೆಲಸ! ನಕಾಶೆ ಬರೆಯುವ ನನ್ನ ಕೈ ಅದರ ಮುಂದೆ ಏನೂ ಅಲ್ಲ. ನಟ್ಟನಡುವಿನ ಕಮಲಕ್ಕೆ ಮಾತ್ರ ಒಂದು ಎಸಳಿರಲಿಲ್ಲ. ಆ ಜಾಗದಲ್ಲಿ ಒಳಗಿನ ಕಟ್ಟಿಗೆ ಬಿಳಿಚಿಕೊಂಡು ಕಾಣುತ್ತಿತ್ತು, ನಿನ್ನೆ ಆದ ಗಾಯದಂತೆ.

"ನಿಮ್ಮ ತಲಿ ತಾಕಿದ ಕೂಡ್ಲೆ ಎಸಳ ಹಾರಿ ಅನ್ನದ ಬುಟ್ಟ್ಯಾಗ ಬಿತ್ತರಿ," ಎಂದ ಗುರುಪಾದಪ್ಪ. "ಮುತ್ತಜ್ಜ ತಾನ ಕೂತು ಕೊರದದ್ದು ಇದು. ಬಡಿಗ್ಯಾನ್ನ ಕರದ ತೋರ್ಸಿದೆ. ಹಳೇ ಕಟಿಗಿಗೆ ಹೊಸಾ ಎಸಳ ಹೊಂದಂಗಿಲ್ಲ ಅಂದ. ನಾ ನಿಮಗ ಒಂದ ಮಾತರ ಅಂದೇನೇನ್ರಿ? ವರ್ಷಾತು, ತೋರಣಾ ಕಟ್ಟಿ ಮುಚ್ಚೇನಿ. ಹಿರಿಯಾರ ಮನಸ್ಸ ನೋಯಬಾರ್ದು ಅಂತ."

ನಾನು ನೀಲವ್ವನ ಕಡೆಗೆ ತಿರುಗಿದೆ. ಆಕೆ ಸೆರಗಿನ ತುದಿಯನ್ನು ನೋಡುತ್ತ ಹೇಳಿದಳು: "ನೀವು ನಿಮ್ಮ ಗುರ್ತ ತೋರ್ಸಿದ್ರ ಅವ ತನ್ನ ಗುರ್ತ ತೋರಸ್ತಾನ. ಎರಡೂ ಅಳಿಸಿ ಹೋಗ್ಲಿ ಅಂತ ನಿಮಗೂ ತಿಕ್ಕಿದೆ. ಬಂದಾಗೊಮ್ಮೆ ಇದಕೂ ಕೊಬ್ರಿ ಎಣ್ಣಿ ಹಚ್ಚಿ ತಿಕ್ಕೇನ್ರಿ. ಕಟಿಗಿಗೆ ಹತ್ತಲಿಲ್ಲ."

ಊಟಕ್ಕೆ ಕಾದಿದ್ದ ಬಂಧುಬಳಗವೆಲ್ಲ ನನ್ನ ಹಣೆಯನ್ನೊಮ್ಮೆ, ಕಮಲವನ್ನೊಮ್ಮೆ ನೋಡುತ್ತಿದ್ದರು. ಹಣೆ ಗಾಜಿನಂತೆ ನುಣುಪಾಗಿತ್ತು. ಅಂದು ಸಿಟ್ಟು ಕೂಡ ನನ್ನ ಸಹಾಯಕ್ಕೆ ಬರಲಿಲ್ಲ, ನೆರಿಗೆಯೂ ಮೂಡಲಿಲ್ಲ. ಒಂದು ವರ್ಷದಿಂದ ನಾನು ಗುರುಪಾದಪ್ಪನ ಬಾಯಲ್ಲಿ ಕಲ್ಪಿಸಿಕೊಂಡಿದ್ದ ಆ ಮಾತು, ಎಂಥ ದನಿಯಲ್ಲಿ, ಎಷ್ಟು ತಲೆ ತಗ್ಗಿಸಿ ಹೇಳಬೇಕೆಂದು ನಾನೇ ಗೊತ್ತುಮಾಡಿಟ್ಟಿದ್ದ ಆ ಮಾತು, ಹೊರಗೆ ಬಂದೇಬಿಟ್ಟಿತು. "ತಪ್ಪಾತಪಾ ಗುರುಪಾದಾ." ಅದು ಬಂದದ್ದು ನನ್ನ ಬಾಯಿಂದ ಎಂಬುದು ನನಗೆ ಅರಿವಾಗಲು ತುಸು ಹೊತ್ತು ಹಿಡಿಯಿತು.

ಗುರುಪಾದಪ್ಪ ಎಲ್ಲರೂ ಕೇಳುವಂತೆ ನನ್ನನ್ನು ಉದಾರವಾಗಿ ಕ್ಷಮಿಸಿದ. ನನ್ನ ಹೆಗಲ ಮೇಲೆ ಕೈಯಿಟ್ಟು, ನನ್ನ ತಲೆಯನ್ನು ತಾನೇ ಮೆಲ್ಲಗೆ ಬಗ್ಗಿಸಿ, ಬಾಗಿಲು ದಾಟಿಸುತ್ತ ಅಂದ: "ಇರ್ಲಿ ಬಿಡ್ರಿ ಮಾವಾರ. ವಯಸ್ಸಾತಲ್ರೀ, ಕಣ್ಣ ಮಂದ ಆಗಿರ್ತಾವ."

ಆಗ ನನಗೆ ಐವತ್ತು ಸಹ ತುಂಬಿರಲಿಲ್ಲ. ಈ ಮಾತಿಗೆ ಆತ ಇನ್ನೂ ತಪ್ಪಾಯಿತೆಂದು ಹೇಳಿಲ್ಲ. ನಾನು ಕಾಯುತ್ತಿದ್ದೇನೆ.